ಹೆಸರು ಕೊನೆಗೆ

ಗಣತಿಗೆ ಬಂದಿದ್ದ ಹುಡುಗ ಕೊಟ್ಟಿಗೆ ಬಾಗಿಲಲ್ಲೇ ನಿಂತು, ಮೊಬೈಲ್ ಮೇಲೆ ಬೆರಳಿಟ್ಟುಕೊಂಡು, "ತಳಿ ಯಾವ್ದು ಅಂತ ಹಾಕ್ಲಮ್ಮ?" ಎಂದು ಕೇಳಿದ. ಅವ್ವ ಆಗಷ್ಟೇ ಹಾಲು ಕರೆದು ಎದ್ದಿದ್ದಳು. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದು ಕೈ ಕೆಂಚಿಯ ಬೆನ್ನ ಮೇಲೆ. "ನಾಟಿ ಹಸ ಕನಪ್ಪ" ಅಂದಳು. "ನಾಟಿ ಸರಿ ಅಮ್ಮ, ಅದ್ರಲ್ಲಿ ಯಾವ್ದು? ಹಳ್ಳಿಕಾರಾ? ಇಲ್ಲಿ ಒಂದು ಆರಿಸ್ಬೇಕು" ಅಂದ ಅವನು. ಅವ್ವ ಶುರು ಮಾಡಿದಳು. ಇದರ ತಾಯಿಯನ್ನು ನಮ್ಮ ಅಜ್ಜಿಯ ತವರಿನಿಂದ ಹೊಡೆದುಕೊಂಡು ಬಂದದ್ದು, ಅದು ಬಿಳಿಯದು, ಕೊಂಬು ಹಿಂದಕ್ಕೆ ಬಾಗಿತ್ತು. ಇದಕ್ಕೆ ಅಪ್ಪ ಪಕ್ಕದೂರಿನ ಬಸಪ್ಪ, ದೇವರಿಗೆ ಬಿಟ್ಟಿದ್ದ ಹೋರಿ, ಅದು ಕೆಂದು. ಅದಕ್ಕೇ ಇದು ಕೆಂಪು, ಹೊಟ್ಟೆಯ ಕೆಳಗೆ ಮಾತ್ರ ಅಂಗೈಯಗಲ ಬಿಳಿ ಮಚ್ಚೆ. ಹಣೆ ನೋಡಪ್ಪ, ನಡುವೆ ಗೆರೆ ಇದೆ, ತಾಯಿಯ ಹಣೆಯೇ. ಕೊಂಬು ಮಾತ್ರ ತಾಯಿದಲ್ಲ, ಗೇಣುದ್ದಕ್ಕೆ ನಿಂತುಹೋಯಿತು. ಮಳೆಗಾಲದಲ್ಲಿ ಗೊರಸು ಕೊಳೆಯಲಿಲ್ಲ, ಒಂದು ವರ್ಷವೂ ಡಾಕ್ಟರನ್ನು ಕರೆಸಲಿಲ್ಲ. ಹೊತ್ತಿಗೆ ಒಂದೂವರೆ ಲೀಟರ್ ಕೊಡುತ್ತದೆ, ಅಷ್ಟೇ, ಆದರೆ ಕರು ಎರಡನೇ ವರ್ಷಕ್ಕೆ ಕಾಲಿಟ್ಟರೂ ಕೊಡುತ್ತಿರುತ್ತದೆ.

ಹುಡುಗ ತಾಳ್ಮೆಯಿಂದ ಕೇಳಿದ. ಒಳ್ಳೆಯ ಹುಡುಗ, ಇನ್ನೂ ಎಷ್ಟೋ ಮನೆಗಳಿಗೆ ಹೋಗಬೇಕಿತ್ತು ಅವನು. ಕೊನೆಗೆ ಕೆಂಚಿಯ ಕಿವಿಯ ಹಳದಿ ಬಿಲ್ಲೆಯಲ್ಲಿದ್ದ 12 ಅಂಕಿಗಳನ್ನು ಒಂದೊಂದಾಗಿ ನೋಡಿಕೊಂಡು, ತಳಿಯ ಜಾಗದಲ್ಲಿ ಏನನ್ನೋ ಒತ್ತಿ ಹೊರಟ. ಏನು ಹಾಕಿದೆ ಎಂದು ನಾನು ಕೇಳಿದೆ. "ನಾನ್ ಡಿಸ್ಕ್ರಿಪ್ಟ್ ಸರ್. ಯಾವ್ದಕ್ಕೂ ಸೇರದೆ ಇರೋದನ್ನ ಹಂಗೇ ಹಾಕೋದು" ಅಂದ.

ಆ ಮಾತು ಅವತ್ತಿನಿಂದ ನನ್ನನ್ನು ಬಿಟ್ಟಿಲ್ಲ. ಆ ಇಂಗ್ಲಿಷ್ ಪದವನ್ನು ಬಿಡಿಸಿದರೆ 'ವರ್ಣಿಸಲಾಗದ್ದು' ಎಂದಾಗುತ್ತದೆ. ಅವ್ವ ಕಾಲು ಗಂಟೆ ನಿಂತು ವರ್ಣಿಸಿದ್ದಳು. ನಮ್ಮ ಊರಿನಲ್ಲಿ ಅಷ್ಟು ವಿವರವಾಗಿ ಯಾರ ಬಗ್ಗೆಯೂ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. 2024ರ ಅಕ್ಟೋಬರಿನಲ್ಲಿ ಶುರುವಾದ ಈ 21ನೇ ಜಾನುವಾರು ಗಣತಿಯಲ್ಲಿ 219 ದೇಸಿ ತಳಿಗಳ ಲೆಕ್ಕ ಸಿಗುತ್ತದೆ ಎಂದು ಮೊದಲೇ ಓದಿದ್ದೆ, ಓದಿ ಖುಷಿಯೂ ಪಟ್ಟಿದ್ದೆ. ಆ 219ರ ಆಚೆಗೆ ನಿಲ್ಲುವ ದನ ನಮ್ಮ ಕೊಟ್ಟಿಗೆಯಲ್ಲೇ ಇದೆ ಎಂಬುದು ಹೊಳೆದಿರಲಿಲ್ಲ.

ಚುಂಚನಕಟ್ಟೆಯ ಆಟ

ದನ ನೋಡಿ ಜಾತಿ ಹೇಳುವ ಆಟವನ್ನು ನನಗೆ ಕಲಿಸಿದ್ದು ತಾತ. ಸಂಕ್ರಾಂತಿಯ ಆಸುಪಾಸಿಗೆ ಚುಂಚನಕಟ್ಟೆ ಜಾತ್ರೆ. ಕೋದಂಡರಾಮನ ತೇರಿಗೆ ಜನ ಸೇರುವ ಎಷ್ಟೋ ದಿನ ಮೊದಲೇ ದನಗಳು ಸೇರಿರುತ್ತವೆ. ನನಗೆ ಆಗ ಒಂಬತ್ತು ವರ್ಷ. ಬೆಳಗಿನ ಬಸ್ಸಿಗೆ ಹೋಗಿ ಇಳಿದರೆ ಮಂಜಿನೊಳಗೆ ಒಂದೂ ದನ ಕಾಣುತ್ತಿರಲಿಲ್ಲ. ಕೊರಳ ಗಂಟೆ, ಒಣಹುಲ್ಲಿನ ವಾಸನೆ, ಕೆಳಗೆ ಕಾವೇರಿ ಧುಮುಕುವ ಸದ್ದು, ಇಷ್ಟೇ. ತಾತ ಕೊಳ್ಳುವುದಕ್ಕೆ ಹೋಗುತ್ತಿದ್ದದ್ದು ಮೂರು ನಾಲ್ಕು ವರ್ಷಕ್ಕೊಮ್ಮೆ. ನೋಡುವುದಕ್ಕೆ ಮಾತ್ರ ಪ್ರತಿವರ್ಷ. ದಾರಿಯ ಪಕ್ಕದಲ್ಲಿ ಒಂದು ಎತ್ತರದ ಬದು ಇತ್ತು. ಅಲ್ಲಿ ಟವೆಲ್ ಹಾಸಿ ಕೂರುತ್ತಿದ್ದ. ಮಂಜು ಸರಿದ ಹಾಗೆ ಒಂದೊಂದೇ ಜೋಡಿ ಬರುತ್ತಿತ್ತು. "ಹೇಳ್ಲಾ ಮಗ, ಇವು ಯಾವ ಕಡೇವು?"

ಅವನು ಕೇಳುತ್ತಿದ್ದದ್ದೇ ಹಾಗೆ. ಯಾವ ತಳಿ ಎಂದು ಒಮ್ಮೆಯೂ ಕೇಳಿದವನಲ್ಲ. ಯಾವ ಕಡೇವು, ಏನು ಮಾಡುತ್ತಿದ್ದವು, ಯಾಕೆ ಮಾರುತ್ತಿದ್ದಾರೆ. ನಾನು ಮಕ್ಕಳ ಬುದ್ಧಿಗೆ ತಕ್ಕಂತೆ ಕೊಂಬು ನೋಡಿ, "ಹಳ್ಳಿಕಾರ್!" ಎಂದು ಕೂಗಿಬಿಡುತ್ತಿದ್ದೆ. ನಮ್ಮ ಕಡೆ ಅದು ನೂರಕ್ಕೆ ತೊಂಬತ್ತು ಸಲ ಸರಿಯಾಗುವ ಉತ್ತರ. ತಾತನಿಗೆ ಅದು ಹಿಡಿಸುತ್ತಿರಲಿಲ್ಲ. "ಹೆಸರು ಕೊನೇಗೆ. ಮೊದ್ಲು ಏನ್ ನೋಡ್ದೆ ಏಳು" ಎನ್ನುತ್ತಿದ್ದ. ಹೆಸರು ಸರಿಯಿದ್ದು ಕಾರಣ ಹೇಳಲು ಬರದಿದ್ದರೆ ನನಗೆ ಸೋಲು. ಹೆಸರು ತಪ್ಪಿ, ನೋಡಿದ್ದು ಸರಿಯಿದ್ದರೆ ಸಂಜೆ ಕಡ್ಲೆಪುರಿ.

ಅವನ ಕಣ್ಣು ಕೆಳಗಿನಿಂದ ಮೇಲಕ್ಕೆ ಹೋಗುತ್ತಿತ್ತು. ಮೊದಲು ಗೊರಸು. ಗಟ್ಟಿ ನೆಲದಲ್ಲಿ ನಡೆದ ಎತ್ತಿನ ಗೊರಸು ಸವೆದು ಒತ್ತಾಗಿರುತ್ತದೆ, ಕೆರೆ ಬಯಲಿನ ಗದ್ದೆಯಲ್ಲಿ ಉತ್ತ ಎತ್ತಿನದು ಅಗಲಿಸಿ ಬೆಳೆದಿರುತ್ತದೆ. ಲಾಳ ಹೊಡೆಸಿದ್ದರೆ ಗಾಡಿಯ ಎತ್ತು, ಲಾಳ ಯಾವ ಕಡೆಗೆ ಜಾಸ್ತಿ ಸವೆದಿದೆ ನೋಡಿದರೆ ಎಡಕ್ಕೆ ಕಟ್ಟುತ್ತಿದ್ದರೋ ಬಲಕ್ಕೋ ಗೊತ್ತಾಗುತ್ತದೆ. ಆಮೇಲೆ ಹೆಗಲು. ನೊಗ ಕೂತ ಜಾಗದ ಚರ್ಮ ಎಷ್ಟು ದಪ್ಪವಾಗಿದೆ, ಕೂದಲು ಉದುರಿದೆಯೋ ಇಲ್ಲವೋ. ಆಮೇಲೆ ಕೊರಳ ಕೆಳಗಿನ ಗಂಗೆದೊಗಲು ಎಷ್ಟು ಇಳಿದಿದೆ, ಬೆನ್ನ ಮೇಲಿನ ಹಿಣಿಲು ಎತ್ತ ವಾಲಿದೆ. ಅಲ್ಲಿಗೆ ಅರ್ಧ ಕತೆ ಮುಗಿದಿರುತ್ತಿತ್ತು. ಬಾಯಿ ಬಿಡಿಸಿ ಹಲ್ಲು ನೋಡುವುದು ಕೊಳ್ಳುವಾಗ ಮಾತ್ರ. ಎರಡು ಹಲ್ಲು, ನಾಲ್ಕು, ಆರು, ಎಂಟು. ಎಂಟಾದರೆ ಬಾಯಿ ಕೂಡಿತು, ಅಲ್ಲಿಂದಾಚೆ ವಯಸ್ಸೆಲ್ಲ ಸವೆತದ ಲೆಕ್ಕ. ದನಕ್ಕೆ ಮುಂದಿನ ಹಲ್ಲು ಕೆಳದವಡೆಗೆ ಮಾತ್ರ ಎಂಬುದೂ ನನಗೆ ತಿಳಿದದ್ದು ಆ ಜಾತ್ರೆಯಲ್ಲೇ, ತಾತ ಒಂದು ಕಡಸಿನ ಬಾಯಿ ಬಿಡಿಸಿ ನನ್ನ ಬೆರಳನ್ನು ಮೇಲಿನ ಒಸಡಿನ ಮೇಲೆ ಇಡಿಸಿದಾಗ.

ಕೊಂಬು ಕಟ್ಟಕಡೆಗೆ. ಯಾಕೆಂದರೆ ಕೊಂಬನ್ನು ಮನುಷ್ಯ ತಿದ್ದಿರುತ್ತಾನೆ. ಜಾತ್ರೆಗೆ ಹೊರಡುವ ಮುಂಚೆ ಕೊಂಬು ಹೆರೆಸುತ್ತಾರೆ, ಎಣ್ಣೆ ತಿಕ್ಕುತ್ತಾರೆ, ತುದಿಗೆ ಕೊಂಬಣಸು ಹಾಕುತ್ತಾರೆ. ಹೆರೆದೂ ಹೆರೆದೂ ದಪ್ಪ ಕೊಂಬನ್ನು ತೆಳ್ಳಗೆ ಮಾಡಬಹುದು. ಬಣ್ಣವನ್ನೂ ಪೂರ್ತಿ ನಂಬುವ ಹಾಗಿಲ್ಲ. ಇಬ್ಬರು ಅಣ್ಣತಮ್ಮಂದಿರ ಹಾಗಿರುವ ಎರಡು ಹೋರಿಗಳಲ್ಲಿ ಬೀಜದ್ದು ಹೆಗಲು, ತೊಡೆ ಕಪ್ಪಾಗಿ ನಿಲ್ಲುತ್ತದೆ, ಬೀಜ ಒಡೆಸಿದ್ದು ಬೆಳ್ಳಗಾಗುತ್ತ ಹೋಗುತ್ತದೆ. ತಮಿಳುನಾಡಿನ ಕಂಗಾಯಂ ಕರು ಹುಟ್ಟುವಾಗ ಕೆಂಪು, ಆರು ತಿಂಗಳ ಹೊತ್ತಿಗೆ ಬೂದು ಬಣ್ಣಕ್ಕೆ ತಿರುಗುತ್ತದೆ. ಬಣ್ಣ ನೋಡಿ ಹೆಸರು ಕೂಗಿದವನು ಆರು ತಿಂಗಳಲ್ಲಿ ತಪ್ಪುಗಾರ. ಕುರಿಯಲ್ಲೂ ಅಷ್ಟೇ. ಬನ್ನೂರು ಕುರಿಯನ್ನು ಮುಖ ನೋಡಿ ಗುರುತಿಸುವವರಿಗಿಂತ ಹಿಂದೆ ನಿಂತು ನೋಡುವವರೇ ಗಟ್ಟಿಗರು. ಗಿಡ್ಡ ಕಾಲು, ತುಂಬಿದ ತೊಡೆ, ಎರಡು ಹಿಂಗಾಲಿನ ನಡುವೆ ಬೋರಲು ಹಾಕಿದ ಲಾಳದಂಥ ಕಮಾನು. ಅದು ಅಲ್ಲಿ ಕಾಣದಿದ್ದರೆ ಮುಖ ಎಷ್ಟು ಚೆನ್ನಾಗಿದ್ದರೂ ಬನ್ನೂರಲ್ಲ.

ಕಡೂರು ಕಡೆಯವರ ಜೋಡಿ

ತಾತ ಸೋತದ್ದನ್ನು ನಾನು ನೋಡಿದ್ದು ಒಂದೇ ಸಲ. ಮಧ್ಯಾಹ್ನದ ಹೊತ್ತು. ಹುಣಸೆ ಮರದ ಕೆಳಗೆ ಒಂದು ಜೋಡಿ ಕಟ್ಟಿದ್ದರು. ಬೂದು ಮೈ, ಉದ್ದ ಮುಖ, ನೆತ್ತಿಯ ಮೇಲೆ ಹತ್ತಿರ ಹತ್ತಿರ ಹುಟ್ಟಿ ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬಾಗಿದ ಕೊಂಬು, ಹಣೆಯ ನಡುವೆ ಗೆರೆ. ಹಾವೇರಿ ಕಡೆಯಿಂದ ಕೊಳ್ಳಲು ಬಂದಿದ್ದ ನಾಲ್ಕು ಜನ ಸುತ್ತ ನಿಂತಿದ್ದರು. ತಾತ ದೂರದಿಂದಲೇ ನೋಡಿ ನನಗೆ ಒಂದೊಂದೇ ಹೇಳುತ್ತ ಬಂದ. ಗೊರಸು ಸಣ್ಣದು, ಕಲ್ಲು ನೆಲದ್ದು. ಹೆಗಲು ಇನ್ನೂ ನುಣುಪು, ಕೆಲಸಕ್ಕೆ ಕಟ್ಟಿ ಒಂದು ವರ್ಷವಾಗಿರಬಹುದು. ಮೈಯಲ್ಲಿ ಒಂದು ತೊಲ ಹೆಚ್ಚಿನ ಮಾಂಸ ಇಲ್ಲ. ತುರುವೇಕೆರೆ, ಚನ್ನರಾಯಪಟ್ಟಣದ ಕಡೆಯ ಹಳ್ಳಿಕಾರ್. ಹತ್ತಿರ ಹೋಗಿ ಮಾಲೀಕರಿಗೂ ಅದನ್ನೇ ಹೇಳಿದ.

ಅವರು ನಕ್ಕರು, ಕೊಂಕಿಲ್ಲದ ನಗು. "ಗೌಡ್ರೆ, ಎಲ್ಲಾ ಸರಿಯಾಗೇ ಹೇಳಿದ್ರಿ. ಆದ್ರೆ ಇವು ಹಳ್ಳಿಕಾರ್ ಅಲ್ಲ ಕಣ್ರೀ, ಅಮೃತಮಹಲ್. ಅಜ್ಜಂಪುರದ ಹರಾಜಲ್ಲಿ ಕೂಗಿ ಹಿಡಿದದ್ದು. ನಮ್ದು ಕಡೂರು ಕಡೆ. ಅನುಮಾನ ಇದ್ರೆ ಹಿಂದಿನಿಂದ ಒಂದೆರಡು ಹೆಜ್ಜೆ ಇಡಿ, ಜೋಪಾನ" ಅಂದರು. ತಾತ ನನ್ನನ್ನು ಅಲ್ಲೇ ನಿಲ್ಲಿಸಿ ಒಂದು ಹೆಜ್ಜೆ ಇಟ್ಟ. ಎರಡೂ ಹೋರಿಗಳ ಕಿವಿ ಒಟ್ಟಿಗೆ ಹಿಂದಕ್ಕೆ ತಿರುಗಿದವು. ಇನ್ನೊಂದು ಹೆಜ್ಜೆಗೆ ಬಲಗಡೆಯದು ಬುಸ್ಸೆಂದು ಅರ್ಧಕ್ಕೆ ತಿರುಗಿ ಅವನನ್ನು ನೋಡಿತು. ಹಗ್ಗ ಬಿಗಿಯಿತು. ಆ ಕಣ್ಣು ನನಗೆ ಇವತ್ತಿಗೂ ನೆನಪಿದೆ. ನಮ್ಮ ಮನೆಯ ಎತ್ತುಗಳು ನನ್ನನ್ನು ನೋಡುತ್ತಿದ್ದದ್ದು ಹುಲ್ಲು ತಂದನೋ ಇಲ್ಲವೋ ಎಂದು. ಇದು ನೋಡಿದ್ದು ಎಷ್ಟು ದೂರದಲ್ಲಿದ್ದಾನೆ ಎಂದು ಅಳೆಯುವ ಹಾಗೆ. ತಾತ ಹಿಂದಕ್ಕೆ ಬಂದು ನನ್ನ ಕೈ ಹಿಡಿದುಕೊಂಡ. "ಕಣ್ ನೋಡ್ಲಿಲ್ಲ ಕನ್ಲಾ ನಾನು" ಅಂದ. ವಾಪಸು ಬರುವ ಬಸ್ಸಿನಲ್ಲಿ ಕೆ.ಆರ್. ನಗರ ದಾಟುವವರೆಗೂ ಮಾತಾಡಲಿಲ್ಲ. ಆಮೇಲೆ ಇನ್ನೊಂದು ಸಲ ಅದನ್ನೇ ಹೇಳಿದ.

ಎಷ್ಟೋ ವರ್ಷಗಳ ಮೇಲೆ ಅಮೃತಮಹಲಿನ ಚರಿತ್ರೆ ಓದುವಾಗ ತಾತ ಸೋತದ್ದು ಅರ್ಧ ಮಾತ್ರ ಎಂದು ತಿಳಿಯಿತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಕಟ್ಟಿದ ಹಿಂಡು ಬೆಣ್ಣೆ ಚಾವಡಿ. ಹೈದರನ ಕೈಯಲ್ಲಿ ಅದೇ ದನ ಫಿರಂಗಿ ಎಳೆಯಿತು, ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎಂಬ ಹೆಸರು ಬಂತು. ಹಿಂಡಿನ ಮೂಲದಲ್ಲಿ ಮೂರು ಬಗೆಯ ದನ: ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ. ಅಂದರೆ ತಾತ ಕಂಡ ಹಣೆಯ ಗೆರೆ, ಕೊಂಬಿನ ಬಾಗು ಎಲ್ಲವೂ ನಿಜವಾಗಿ ಹಳ್ಳಿಕಾರಿನದೇ. ರಕ್ತ ಒಂದೇ, ಬೆಳೆದ ಜಾಗ ಬೇರೆ. ಒಂದು ಹಳ್ಳಿಯ ಮನೆಯ ಬಾಗಿಲಲ್ಲಿ, ಮಕ್ಕಳ ಕೈಯಲ್ಲಿ ರಾಗಿ ಹುಲ್ಲು ತಿಂದು ಬೆಳೆದದ್ದು. ಇನ್ನೊಂದು ಕಾವಲಿನಲ್ಲಿ, ಅಂದರೆ ದನ ಮೇಯಲು ಬಿಟ್ಟ ಹುಲ್ಲುಗಾವಲಿನಲ್ಲಿ, ಕೊಟ್ಟಿಗೆಯ ಗೋಡೆ ಕಾಣದೆ, ಬಿಸಿಲು ಮಳೆಗೆ ಮೈಯೊಡ್ಡಿ, ಚಿರತೆ ತೋಳಗಳ ನಡುವೆ ಬೆಳೆದದ್ದು. ನೂರಾರು ವರ್ಷದ ಕಾವಲು ಆ ದನಕ್ಕೆ ಕೊಂಬು ಕೊಡಲಿಲ್ಲ, ಕಣ್ಣು ಕೊಟ್ಟಿತು.

ಅದೇ ಚರಿತ್ರೆಯಲ್ಲಿ ನಾನು ಮತ್ತೆ ಮತ್ತೆ ಹಿಂತಿರುಗುವ ಒಂದು ಪುಟವಿದೆ. 1860ರಲ್ಲಿ ಖರ್ಚು ಉಳಿಸಬೇಕೆಂದು ಸರ್ಕಾರ ಅಮೃತಮಹಲನ್ನು ಮುಚ್ಚಿಬಿಟ್ಟಿತು. ಹಿಂಡು ಮಾರಾಟವಾಗಿ ಚದುರಿಹೋಯಿತು. ತಪ್ಪು ತಿಳಿಯಲು ಹೆಚ್ಚು ಕಾಲ ಬೇಕಾಗಲಿಲ್ಲ, 1866ರಲ್ಲಿ ಮತ್ತೆ ಕಟ್ಟಿದರು. ಚದುರಿದ್ದನ್ನು ಕೂಡಿಸುವಾಗ ಯಾರೋ ಊರೂರಿನಲ್ಲಿ ನಿಂತು, ಇದು ನಮ್ಮದು, ಇದು ಅಲ್ಲ ಎಂದು ಹೇಳಿರಲೇಬೇಕು. ಕಿವಿಯಲ್ಲಿ ಬಿಲ್ಲೆ ಇಲ್ಲ, ಫೋಟೋ ಇಲ್ಲ. ಕಾವಲಿನಲ್ಲಿ ದನದ ಹಿಂದೆ ನಡೆದವರ ಕಣ್ಣೊಂದೇ ಆಧಾರ. ಇವತ್ತು ನಾವು ಅಮೃತಮಹಲ್ ಎಂದು ತೋರಿಸುವ ದನ ಉಳಿದದ್ದು ಹೆಸರೇ ಗೊತ್ತಿಲ್ಲದ ಆ ಜನರ ಊಹೆಯ ಮೇಲೆ ಎಂದು ನಾನು ನಂಬಿದ್ದೇನೆ.

ಬೆರಕೆಗೂ ಹೆಸರು ಬರುತ್ತದೆ

ಕೆಂಚಿಯ ವಿಷಯಕ್ಕೆ ಬರುತ್ತೇನೆ. ಬೆರಕೆ ಆಗಿರುವುದಕ್ಕೆ ಅದಕ್ಕೆ ಹೆಸರಿಲ್ಲ ಎನ್ನುವುದಾದರೆ, ಕೃಷ್ಣಾ ತೀರದ ದನವನ್ನು ನೋಡಬೇಕು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಸಾಂಗ್ಲಿಯ ಪಟವರ್ಧನ ಸಂಸ್ಥಾನಿಕರ ಆಸಕ್ತಿಯಿಂದ ಆ ತಳಿ ರೂಪುಗೊಂಡಿತು. ಗಿರ್, ಓಂಗೋಲ್, ಕಾಂಕ್ರೇಜ್ ಎಲ್ಲವನ್ನೂ ಸ್ಥಳೀಯ ದನದ ಜೊತೆ ಕೂಡಿಸಿ, ಎರೆ ಹೊಲದಲ್ಲಿ ಮಳೆಗೆ ಅಂಟುವ ಮಣ್ಣಿನೊಳಗಿಂದ ಕಾಲು ಕಿತ್ತು ನಡೆಯುವಂಥ ದೊಡ್ಡ ಎತ್ತನ್ನು ತೆಗೆದರು. ಬೀದರ್ ಕಡೆಯ ದೇವಣಿಯೂ ಹಾಗೇ. ಗಿರ್‌ನ ಜೋಲು ಕಿವಿ, ಡಾಂಗಿಯ ರಕ್ತ, ಅಲ್ಲಿಯ ನಾಡದನ. ಇವೆರಡೂ ಈಗ ನಮ್ಮ ನಾಡಿನ ಹೆಮ್ಮೆಯ ತಳಿಗಳು, ಆಗಲೇಬೇಕಾದವು. ಒಬ್ಬರು ಸಂಸ್ಥಾನಿಕರು ಬೇಕೆಂದು ಬೆರೆಸಿದರೆ ತಳಿ. ನಮ್ಮ ಅಜ್ಜಿಯ ತವರಿನ ಹಸುವೂ ಪಕ್ಕದೂರಿನ ಬಸಪ್ಪನೂ ಸೇರಿದರೆ ವರ್ಣಿಸಲಾಗದ್ದು. ಈ ನಡುವಿನ ಗೆರೆ ಎಲ್ಲಿದೆ ಎಂದು ನಾನು ಹುಡುಕುತ್ತಲೇ ಇದ್ದೇನೆ. ಒಂದೇ ಬಗೆಯ ದನ ತಲೆಮಾರಿನಿಂದ ತಲೆಮಾರಿಗೆ ಒಂದೇ ರೀತಿ ಹುಟ್ಟುತ್ತಿರಬೇಕು, ಅಷ್ಟು ಸಂಖ್ಯೆಯಲ್ಲಿರಬೇಕು ಎಂಬ ಉತ್ತರ ನನಗೆ ಗೊತ್ತು, ಅದರಲ್ಲಿ ಅರ್ಥವೂ ಇದೆ. ಆದರೆ ನೋಡುವವರು ಬಂದ ಮೇಲಷ್ಟೇ ಅದು ಒಂದೇ ಬಗೆ ಎಂದು ಗೊತ್ತಾಗುವುದು. ಮಲೆನಾಡು ಗಿಡ್ಡವನ್ನೇ ತೆಗೆದುಕೊಳ್ಳಿ. ಸೊಂಟದೆತ್ತರಕ್ಕೂ ಬಾರದ ಆ ದನ ಶಿವಮೊಗ್ಗ, ಉತ್ತರ ಕನ್ನಡ, ಉಡುಪಿಯ ಗುಡ್ಡಗಳಲ್ಲಿ ಯಾವ ಕಾಲದಿಂದಲೂ ಮೇಯುತ್ತಿತ್ತು. ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಕೇಂದ್ರದ ಪಟ್ಟಿಗೆ ಅದು ಸೇರಿದ್ದು ಈ ಶತಮಾನದಲ್ಲಿ. ಅದಕ್ಕೂ ಹಿಂದಿನ ದಿನ ಅದೂ ಕೆಂಚಿಯ ಸಾಲಿನಲ್ಲೇ ನಿಂತಿತ್ತು.

ಹೆಸರು ಬೇಡ ಎನ್ನುವ ವಾದ ನನ್ನದಲ್ಲ. ಹೆಸರು ಬಂದ ಮೇಲೆ ಗಿಡ್ಡಕ್ಕೆ ಬೆಲೆ ಬಂತು, ಉಳಿಸಬೇಕೆನ್ನುವ ಜನ ಹುಟ್ಟಿಕೊಂಡರು. ಹೆಸರಿದ್ದದ್ದರಿಂದಲೇ ಕೃಷ್ಣಾ ತೀರದ ದನ ಕಡಿಮೆಯಾಗುತ್ತಿದೆ ಎಂದು ನಮಗೆ ತಿಳಿಯುತ್ತಿದೆ. ನನ್ನ ಸಂಕಟ ಬೇರೆ. ಹೆಸರಿಲ್ಲದ ದನವೆಂದರೆ ತಳಿ ಸುಧಾರಣೆ ಮಾಡಬೇಕಾದ ದನ ಎಂದೇ ನಮ್ಮ ಯೋಜನೆಗಳು ಎಣಿಸುತ್ತ ಬಂದಿವೆ. ಜರ್ಸಿ, ಎಚ್‌ಎಫ್‌ನಂಥ ಸೀಮೆ ಹೋರಿಯ ಕಡ್ಡಿ, ಅಂದರೆ ಕೃತಕ ಗರ್ಭಧಾರಣೆಯ ವೀರ್ಯ, ಕೊಡಿಸಿದರೆ ಎರಡು ಮೂರು ತಲೆಮಾರಿಗೆ ಆ ಹಣೆ, ಆ ಗೊರಸು ಎಲ್ಲ ಹೋಗುತ್ತದೆ. ಹೋದದ್ದು ಏನೆಂದು ಯಾವ ಪಟ್ಟಿಯೂ ಹೇಳುವುದಿಲ್ಲ. ಪಟ್ಟಿಯಲ್ಲಿ ಇಲ್ಲದ್ದು ಪಟ್ಟಿಯಿಂದ ಅಳಿಸಿಹೋಗುವುದೂ ಇಲ್ಲ. 2019ರ ಲೆಕ್ಕದಲ್ಲಿ ದೇಶದಲ್ಲಿ ಸುಮಾರು 19 ಕೋಟಿ ದನಗಳಿದ್ದವು, ಅವುಗಳಲ್ಲಿ 14 ಕೋಟಿ ದೇಸಿ. ಆ ದೇಸಿಯಲ್ಲಿ ಹೆಚ್ಚಿನವು ಈ ಒಂದೇ ಪದದ ಕೆಳಗೆ ಇವೆ. ಅವುಗಳಲ್ಲಿ ಎಷ್ಟು ಮಲೆನಾಡು ಗಿಡ್ಡಗಳು ಇನ್ನೂ ಕಾಯುತ್ತಿವೆಯೋ.

ಅಕ್ಕನ ಮಗಳ ಜೊತೆ

ಅಕ್ಕನ ಮಗಳಿಗೆ ಹನ್ನೊಂದು ವರ್ಷ, ಬೆಂಗಳೂರಿನಲ್ಲಿ ಬೆಳೆದ ಹುಡುಗಿ. ಅವಳ ಮೊಬೈಲಿನಲ್ಲಿ ಒಂದು ಆಟವಿದೆ. ಒಂದು ಪ್ರಾಣಿಯ ಚಿತ್ರ, ಕೆಳಗೆ ನಾಲ್ಕು ಹೆಸರು. ಮುಧೋಳ ನಾಯಿಯನ್ನೂ ಜೋಧಪುರದ ಕಡೆಯ ಮಾರ್ವಾರಿ ಕುದುರೆಯನ್ನೂ ಅವಳು ಕಣ್ಣು ಮಿಟುಕಿಸುವುದರೊಳಗೆ ಹೇಳಿಬಿಡುತ್ತಾಳೆ. ಮಾರ್ವಾರಿಯ ಕಿವಿಯ ತುದಿ ಒಳಕ್ಕೆ ಬಾಗಿ ಒಂದನ್ನೊಂದು ಮುಟ್ಟುವ ಹಾಗಿರುತ್ತದೆ ಎಂದು ನನಗೆ ತೋರಿಸಿದವಳು ಅವಳೇ. ಅವಳ ಕಣ್ಣು ಚುರುಕು. ಅವಳಿಗೆ ಸಿಗದಿರುವುದು ಹೊತ್ತು, ಹತ್ತು ಸೆಕೆಂಡಿಗೆ ಚಿತ್ರ ಬದಲಾಗುತ್ತದೆ. ಈ ಬೇಸಿಗೆಯಲ್ಲಿ ಊರಿಗೆ ಬಂದಾಗ ಇಬ್ಬರೂ ತಾತನ ನಿಯಮದಲ್ಲಿ ಆಡಿದೆವು. ಮೊದಲ ದಿನ ನಾನು ಕೆಂಚಿಯ ಮುಂದೆ ಅವಳನ್ನು ಕೂರಿಸಿ, ಹೆಸರು ಹೇಳುವ ಹಾಗಿಲ್ಲ, ನೋಡಿದ್ದು ಮಾತ್ರ ಹೇಳಬೇಕು ಅಂದೆ. ಎರಡು ಮಾತಿಗೆ ನಿಂತುಹೋಯಿತು: ಕೆಂಪು, ಕೊಂಬಿದೆ. ನಾಲ್ಕನೇ ದಿನ ಅವಳೇ ಓಡಿ ಬಂದು, "ಮಾಮ, ಕೆಂಚಿ ಮಲಗೋವಾಗ ಯಾವಾಗ್ಲೂ ಎಡಗಡೆಗೇ ಕಾಲು ಮಡಚುತ್ತೆ, ಅದಕ್ಕೇ ಬಲ ಮೊಣಕಾಲಲ್ಲಿ ಕೂದಲು ಜಾಸ್ತಿ ಇದೆ" ಅಂದಳು. ನಾನು ಹೋಗಿ ನೋಡಿದೆ. ಹೌದು. ಈ ಹಸುವನ್ನು ಏಳು ವರ್ಷದಿಂದ ನೋಡುತ್ತಿದ್ದೇನೆ, ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವಳಿಗೆ ಈ ಆಟ ಆಡಬೇಡ ಎಂದಿದ್ದೇನೆ. ಹುಲ್ಲಿನ ಮೆದೆಯ ಹತ್ತಿರ ಒಂದು ಸಂಜೆ ಪಟ್ಟೆಯ ಹಾವು ಕಂಡಿತು. ಅವಳು ಬಗ್ಗಿ ಪಟ್ಟೆ ಎಲ್ಲಿಂದ ಶುರುವಾಗಿದೆ ಎಂದು ನೋಡಲು ಹೋದಳು. ವಿಷವಿಲ್ಲದ ತೋಳ ಹಾವಿಗೆ ಪಟ್ಟೆ ಕತ್ತಿನಿಂದಲೇ ಎದ್ದು ಕಾಣುತ್ತದೆ, ಬಾಲದ ಕಡೆಗೆ ಮಾಸುತ್ತದೆ. ವಿಷದ ಕಟ್ಟು ಹಾವಿಗೆ ತಲೆಯಿಂದ ಸ್ವಲ್ಪ ದೂರ ಖಾಲಿ, ಆಮೇಲೆ ಪಟ್ಟೆ, ಬಾಲದವರೆಗೂ. ಇದು ಪುಸ್ತಕದಲ್ಲಿ ಸರಿ. ಮಬ್ಬುಗತ್ತಲಲ್ಲಿ, ಹರಿಯುವ ಹಾವಿನ ಮೇಲೆ, ಒಂದು ಗೇಣಿನ ವ್ಯತ್ಯಾಸವನ್ನು ಹುಡುಕುವ ಕೆಲಸ ಮಕ್ಕಳದ್ದಲ್ಲ, ನನ್ನದೂ ಅಲ್ಲ. ಕಟ್ಟು ಹಾವು ಕಚ್ಚಿದ್ದು ಎಷ್ಟೋ ಸಲ ನೋವೇ ಇಲ್ಲದೆ ಗೊತ್ತೇ ಆಗುವುದಿಲ್ಲ. ಅವಳನ್ನು ಎತ್ತಿಕೊಂಡು ಹಿಂದಕ್ಕೆ ಬಂದೆ. ಎದೆ ಹೊಡೆದುಕೊಳ್ಳುತ್ತಿತ್ತು. ಹೆಸರು ಗೊತ್ತಾಗಲೇ ಇಲ್ಲ, ಆಗಬೇಕಾಗಿಯೂ ಇರಲಿಲ್ಲ.

ಹೋದ ವಾರ ಬೆಳಗ್ಗೆ ಐದೂವರೆಗೆ ಅವ್ವನ ಫೋನು. ಕೆಂಚಿ ಕರು ಹಾಕಿದೆ. ಈ ಸಲ ಹಳ್ಳಿಕಾರಿನ ಕಡ್ಡಿಯೇ ಬೇಕೆಂದು ಹಟ ಹಿಡಿದು ಕೊಡಿಸಿದ್ದಳು. ನಿದ್ದೆಗಣ್ಣಿನಲ್ಲಿ ನಾನು, "ಯಾವ ಬಣ್ಣ ಅವ್ವ, ಅಪ್ಪನ ಹಂಗೈತಾ?" ಎಂದು ಕೇಳಿದೆ. ಅವ್ವ ಅದಕ್ಕೆ ಉತ್ತರ ಕೊಡಲಿಲ್ಲ. "ಕಾಲು ಉದ್ದ ಕನ್ಲಾ, ಎದ್ ನಿಂತ್ಕಳಕ್ಕೆ ಮೂರ್ ಸಲ ಬಿತ್ತು. ಗೊರಸು ಇನ್ನೂವೆ ಹಳ್ದಿ, ಮೆತ್ತಗೈತೆ. ಹಿಂಗಾಲು ಒಸಿ ಒಳಕ್ ಬಾಗೈತೆ, ಸರಿ ಓಯ್ತದೆ ಬುಡು. ಹೊಟ್ಟೆ ತಾವ..." ಎಂದು ಶುರು ಮಾಡಿದಳು. ನಾನು ಎದ್ದು ಕೂತು, ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡೆ.